ಕೀ ತೆಗೆದರೂ ನಿಲ್ಲದ ಎಂಜಿನ್

ದೋಣಿಗಲ್ ಅಂದ ಕೂಡಲೇ ನಿಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ನೆನಪಾಗಬಹುದು. ಟ್ರೆಕ್ಕಿಂಗ್ ಹುಚ್ಚಿನವರಿಗೆ ಅದು ರೈಲು ಹಳಿ ಗುಂಟ ನಡೆಯುವ ‘ಗ್ರೀನ್ ರೂಟ್’ ಶುರುವಾಗುತ್ತಿದ್ದ ಸ್ಟೇಷನ್. ವೀಕೆಂಡಿಗೆ ಊರಿಗೆ ಹೋಗುವ ಮಂಗಳೂರು ಕಡೆಯವರಿಗೆ 2022ರ ಜುಲೈ ಮಳೆಯಲ್ಲಿ ರಸ್ತೆ ಕುಸಿದು ಪ್ರಯಾಣವೇ ಕೆಟ್ಟ ಜಾಗ. ಲಾರಿಯವರಿಗೆ ಮಾತ್ರ ಅದು ಲೆಕ್ಕದ ಜಾಗ. ಮಂಗಳೂರಿಂದ ಹತ್ತಿ ಬರುವವರಿಗೆ ಶಿರಾಡಿ ಏರು ಮುಗಿಯಿತು ಅಂತ ಲೆಕ್ಕ. ಬೆಂಗಳೂರಿಂದ ಹೋಗುವವರಿಗೆ ಇನ್ನು ಮೇಲೆ ಬ್ರೇಕು, ಗೇರು ನೋಡಿಕೊಂಡು ಇಳೀಬೇಕು ಅಂತ ಲೆಕ್ಕ.

ಸಕಲೇಶಪುರದ ಕಡೆ ರಸ್ತೆ ಬದಿಯಲ್ಲಿ ನಿಂತು ನೋಡಿದರೆ ಘಾಟಿ ಹತ್ತಿ ಬಂದ ಲಾರಿಗಳು ಸಾಲಾಗಿ ನಿಂತಿರುತ್ತವೆ. ಅದರಲ್ಲಿ ಉದ್ದನೆಯ ಬಿಳಿ ಗ್ಯಾಸ್ ಟ್ಯಾಂಕರ್‌ಗಳೂ ಇರುತ್ತವೆ. ‘ಬುಲೆಟ್’ ಅಂತಾರಲ್ಲ, ಅವು. ಒಂದೊಂದರಲ್ಲಿ 17–18 ಟನ್ ಎಲ್‌ಪಿಜಿ. ಮಂಗಳೂರಿನಿಂದ ಹಾಸನ, ಮೈಸೂರು, ಸೋಲೂರಿಗೆ ಗ್ಯಾಸಿನ ಪೈಪ್‌ಲೈನ್ ಬಂದ ಮೇಲೂ ರಸ್ತೆ ಮೇಲೆ ಬುಲೆಟ್‌ಗಳು ಕಾಣುವುದು ನಿಂತಿಲ್ಲ. ಡ್ರೈವರ್ ಕೆಳಗಿಳಿದು ಮುಖ ತೊಳೆದು ಟೀ ಕುಡಿಯುವಾಗ ಎಂಜಿನ್ ಸುಮ್ಮನೆ ಗುರ್ ಅನ್ನುತ್ತಾ ಇರುತ್ತೆ. ನಮಗೆ ಅದು ಡೀಸೆಲ್ ದಂಡ ಅನ್ನಿಸುತ್ತೆ. ದಂಡವಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಅದಕ್ಕೂ ಮೊದಲು ಒಂದು ಪ್ರಶ್ನೆ. ಆ ಡ್ರೈವರ್ ಬಂದು ಕೀ ತಿರುಗಿಸಿ ಎಂಜಿನ್ ಆಫ್ ಮಾಡಿದಾಗ ಅದು ನಿಲ್ಲದೇ ಹೋದರೆ? ನಿಲ್ಲದಿರುವುದು ಮಾತ್ರ ಅಲ್ಲ, ಕೀ ಕೈಯಲ್ಲಿದ್ದರೂ ತಾನೇ ವೇಗ ಏರಿಸಿಕೊಂಡು, ಕಿರುಚುತ್ತಾ, ಬಿಳಿ ಹೊಗೆ ಕಾರುತ್ತಾ ಹೋದರೆ? ಇದು ಸಿನಿಮಾ ಕಥೆ ಅಲ್ಲ. ಮೆಕ್ಯಾನಿಕ್‌ಗಳು ‘ಎಂಜಿನ್ ರೇಸ್ ಆಗೋಯ್ತು’ ಅಂತಾರೆ. ಅಂಥ ವಿಡಿಯೊಗಳನ್ನು ನೀವೂ ಫೋನಿನಲ್ಲಿ ನೋಡಿರಬಹುದು. ಸುತ್ತ ಜನ ಓಡ್ತಿರ್ತಾರೆ, ಒಬ್ಬ ಮಾತ್ರ ಬಾನೆಟ್ ಕೆಳಗೆ ಏನನ್ನೋ ತುರುಕಲು ಹೆಣಗ್ತಿರ್ತಾನೆ. ಆ ಮನುಷ್ಯ ಏನು ತುರುಕಲು ನೋಡ್ತಿದ್ದಾನೆ, ಎಲ್ಲಿಗೆ ಅನ್ನುವುದೇ ಈ ವಾರದ ವಿಷಯ.

ಪೆಟ್ರೋಲ್ ಎಂಜಿನ್ ನಿಲ್ಲಿಸುವುದು ಸುಲಭ. ಅದಕ್ಕೆ ಸ್ಪಾರ್ಕ್ ಪ್ಲಗ್ ಕಿಡಿ ಕೊಡಬೇಕು. ಕೀ ತೆಗೆದರೆ ಕಿಡಿ ಇಲ್ಲ, ಕಿಡಿ ಇಲ್ಲದಿದ್ದರೆ ಬೆಂಕಿ ಇಲ್ಲ. ಡೀಸೆಲ್ ಎಂಜಿನ್‌ಗೆ ಕಿಡಿಯೇ ಬೇಡ. ಅದು ಗಾಳಿಯನ್ನು ಒಳಗೆ ಎಳೆದು 16–18 ಪಟ್ಟು ಒತ್ತುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ತುದಿ ಬಿಸಿಯಾಗುವುದಿಲ್ಲವೇ, ಅದೇ ಲೆಕ್ಕ, ಆದರೆ ಇಲ್ಲಿ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತೆ. ಆ ಕಾದ ಗಾಳಿಗೆ ಡೀಸೆಲ್ ಚಿಮ್ಮಿದರೆ ತಾನಾಗಿ ಹೊತ್ತಿಕೊಳ್ಳುತ್ತೆ. ಇನ್ನೊಂದು ವ್ಯತ್ಯಾಸ ಇದೆ, ಮುಖ್ಯವಾದದ್ದು. ಪೆಟ್ರೋಲ್ ಕಾರಿನಲ್ಲಿ ಆಕ್ಸಲರೇಟರ್ ಒತ್ತಿದರೆ ಗಾಳಿಯ ಬಾಗಿಲು ತೆರೆಯುತ್ತೆ. ಹಳೇ ಡೀಸೆಲ್ ಲಾರಿಯಲ್ಲಿ ಗಾಳಿಗೆ ಬಾಗಿಲೇ ಇಲ್ಲ. ಎಷ್ಟು ಬೇಕಾದರೂ ಎಳೆದುಕೊಳ್ಳಬಹುದು. ಎಂಜಿನ್ ಎಷ್ಟು ಜೋರಾಗಿ ಓಡಬೇಕು ಅಂತ ತೀರ್ಮಾನ ಮಾಡುವುದು ಪಂಪು ಎಷ್ಟು ಡೀಸೆಲ್ ಕೊಡುತ್ತದೆ ಎನ್ನುವುದೊಂದೇ. ಹಳೇ ಟಾಟಾ, ಲೇಲ್ಯಾಂಡ್ ಗಾಡಿಗಳಲ್ಲಿ ಎಂಜಿನ್ ನಿಲ್ಲಿಸಲು ಒಂದು ಗುಂಡಿ ಎಳೀತಿದ್ದರು, ನೆನಪಿದೆಯಾ? ಅದು ಆ ಪಂಪಿಗೇ ಕಟ್ಟಿದ ಕೇಬಲ್. ಈಗಿನ ಬಿಎಸ್6 ಗಾಡಿಯಲ್ಲಿ ಕಂಪ್ಯೂಟರ್ ಆ ಕೆಲಸ ಮಾಡುತ್ತೆ. ಎರಡರಲ್ಲೂ ‘ಆಫ್’ ಅಂದರೆ ಡೀಸೆಲ್ ಬಂದ್ ಅಂತಷ್ಟೇ.

ಹಾಗಾದರೆ ಪಂಪಿನ ದಾರಿ ಬಿಟ್ಟು ಬೇರೆ ದಾರಿಯಿಂದ ಉರಿಯುವ ವಸ್ತು ಎಂಜಿನ್ ಹೊಟ್ಟೆಗೆ ಹೋದರೆ? ಆಗ ಕೀ, ಕೇಬಲ್, ಕಂಪ್ಯೂಟರ್, ಗವರ್ನರ್ ಯಾವುದಕ್ಕೂ ಅಲ್ಲಿ ಅಧಿಕಾರ ಇಲ್ಲ. ಎಂಜಿನ್‌ಗೆ ಡೀಸೆಲ್ಲೇ ಬೇಕು ಅಂತ ಹಟ ಇಲ್ಲ ನೋಡಿ. ಎಂಜಿನ್ ಆಯಿಲ್ ಸಿಕ್ಕರೂ ಉರಿಸುತ್ತೆ, ಗ್ಯಾಸ್ ಸಿಕ್ಕರೂ ಉರಿಸುತ್ತೆ.

ಲಾರಿಗಳಲ್ಲಿ ಸಾಮಾನ್ಯವಾಗಿ ಈ ಕಳ್ಳದಾರಿ ಟರ್ಬೊ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷದ ಆಸುಪಾಸು ಸುತ್ತು ಸುತ್ತಬಲ್ಲದು. ಅದರ ಬೇರಿಂಗಿಗೆ ಎಂಜಿನ್ ಆಯಿಲ್ ಹರೀತಾ ಇರಬೇಕು. ಒಂದು ಬದಿಯಲ್ಲಿ ಕೆಂಪಗೆ ಕಾದ ಹೊಗೆ, ಇನ್ನೊಂದು ಬದಿಯಲ್ಲಿ ಎಂಜಿನ್‌ಗೆ ಹೋಗುವ ಗಾಳಿ, ನಡುವೆ ಆಯಿಲ್, ಅದನ್ನು ತಡೆಯಲು ಸಣ್ಣ ಸೀಲ್‌ಗಳು. ಶಿರಾಡಿ ಏರನ್ನು ಲೋಡ್ ಹೊತ್ತು ಹತ್ತಿ ಬಂದ ಟರ್ಬೊ ಹೇಗಿರುತ್ತೆ ಊಹಿಸಿ. ಬಂದ ತಕ್ಷಣ ಎಂಜಿನ್ ಆಫ್ ಮಾಡಿದರೆ ಆಯಿಲ್ ಹರಿವು ನಿಲ್ಲುತ್ತೆ, ಬಿಸಿ ಮಾತ್ರ ಹಾಗೇ ಇರುತ್ತೆ. ಅಲ್ಲೇ ಉಳಿದ ಆಯಿಲ್ ಸುಟ್ಟು ಕಪ್ಪು ಚಕ್ಕೆಯಾಗುತ್ತೆ, ಬೇರಿಂಗು, ಸೀಲು ದಿನ ಹೋದಂತೆ ಸವೆಯುತ್ತವೆ. ಅದಕ್ಕೇ ತಿಳಿದ ಡ್ರೈವರ್ ಘಾಟಿ ಹತ್ತಿದ ಮೇಲೆ ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು ಟೀಗೆ ಹೋಗುವುದು. (ನಿಮ್ಮ ಟರ್ಬೊ ಡೀಸೆಲ್ ಎಸ್‌ಯುವಿಗೂ ಇದೇ ಮಾತು ಅನ್ವಯ. ಮೇಲೆ ಬಂದ ಕೂಡಲೇ ವ್ಯೂ ಪಾಯಿಂಟ್ ಅಂತ ಟಕ್ಕನೆ ಆಫ್ ಮಾಡಬೇಡಿ.)

ಸೀಲ್ ಪೂರ್ತಿ ಹೋದ ದಿನ ಆಯಿಲ್ ನೇರ ಗಾಳಿಯ ಪೈಪಿಗೆ ಬೀಳುತ್ತೆ. ಎಂಜಿನ್ ಅದನ್ನು ಉರಿಸುತ್ತೆ, ವೇಗ ಏರುತ್ತೆ. ವೇಗ ಏರಿದಂತೆ ಟರ್ಬೊ ಇನ್ನೂ ಜೋರಾಗಿ ಸುತ್ತಿ ಇನ್ನೂ ಆಯಿಲ್ ಸುರಿಯುತ್ತೆ. ದೊಡ್ಡ ಲಾರಿ ಎಂಜಿನ್‌ಗಳನ್ನು ಮಾಡಿರುವುದು ನಿಮಿಷಕ್ಕೆ 2,200–2,500 ಸುತ್ತಿಗೆ. ವೇಗ ಎರಡರಷ್ಟಾದರೆ ಪಿಸ್ಟನ್, ಕನೆಕ್ಟಿಂಗ್ ರಾಡ್ ಮೇಲೆ ಬೀಳುವ ಬಲ ನಾಲ್ಕರಷ್ಟು. ಒಂದೋ ಆಯಿಲ್ ಖಾಲಿಯಾಗಿ ಎಂಜಿನ್ ಜಾಮ್ ಆಗಬೇಕು, ಇಲ್ಲವೇ ರಾಡ್ ಮುರಿದು ಬ್ಲಾಕ್ ಒಡೆದುಕೊಂಡು ಹೊರಗೆ ಬರಬೇಕು. ಆ ಹೊತ್ತಿಗೆ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತವರ ಗತಿ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಸಕಲೇಶಪುರ, ಆಲೂರಿನ ತೋಟದ ಮನೆಯವರಿಗೆ ಇದರ ಚಿಕ್ಕ ರೂಪ ಹೊಸದಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲ. ಕೆರೆ ಪಕ್ಕ ಡೀಸೆಲ್ ಪಂಪ್‌ಸೆಟ್ ಹಗಲು ರಾತ್ರಿ ಓಡುತ್ತೆ. ಹಳೇ ಪಂಪ್‌ಸೆಟ್, ಟ್ರ್ಯಾಕ್ಟರ್‌ಗಳ ಏರ್ ಫಿಲ್ಟರ್‌ನಲ್ಲಿ ಆಯಿಲ್ ಹಾಕುವ ಬಟ್ಟಲು ಇರುತ್ತೆ, ದೂಳು ಅದರಲ್ಲಿ ಸಿಕ್ಕಿಕೊಳ್ಳಲಿ ಅಂತ. ಬಟ್ಟಲಲ್ಲಿ ಒಂದು ಗೆರೆ ಇದೆ. ‘ಇರಲಿ ಸ್ವಲ್ಪ ಜಾಸ್ತಿ’ ಅಂತ ಗೆರೆ ಮೀರಿ ಸುರಿದರೆ ಎಂಜಿನ್ ಆ ಆಯಿಲನ್ನೇ ಕುಡಿದು ರೇಸ್ ಆಗುತ್ತೆ. ಎಂಜಿನ್ ಕೆಳಗಿನ ಸಂಪ್‌ಗೆ ಆಯಿಲ್ ಜಾಸ್ತಿ ಹಾಕಿದರೂ ಬ್ರೀದರ್ ಪೈಪಿನಿಂದ ಬಂದು ಅದೇ ಕಥೆ. ಎಂಜಿನ್‌ಗೆ ಆಯಿಲ್ ಹಾಕುವುದು ಅಡುಗೆಗೆ ತುಪ್ಪ ಹಾಕಿದ ಹಾಗಲ್ಲ, ಜಾಸ್ತಿಯಾದರೆ ರುಚಿಯಾಗಲ್ಲ.

ಇಲ್ಲೀವರೆಗೆ ಹೇಳಿದ್ದು ಎಂಜಿನ್ ತನ್ನದೇ ಆಯಿಲ್ ಕುಡಿಯುವ ಕಥೆ. ಇದಕ್ಕಿಂತ ಕೆಟ್ಟದ್ದು ಹೊರಗಿನ ಗಾಳಿಯಲ್ಲೇ ಇಂಧನ ಬೆರೆತಿರುವುದು.

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ಬಿಪಿ ರಿಫೈನರಿಯಲ್ಲಿ ಒಂದು ಘಟಕವನ್ನು ಮತ್ತೆ ಚಾಲು ಮಾಡುವಾಗ ಗೋಪುರದಲ್ಲಿ ಮಿತಿ ಮೀರಿ ದ್ರವ ತುಂಬಿ, ಹೊರಗೆ ಉಕ್ಕಿ, ಆವಿಯಾಗಿ ನೆಲದ ಮೇಲೆ ಹರಡಿತು. ಅಲ್ಲೇ ಹತ್ತಿರದಲ್ಲಿ ಒಂದು ಡೀಸೆಲ್ ಪಿಕಪ್ ಟ್ರಕ್ ಐಡಲ್‌ನಲ್ಲಿ ನಿಂತಿತ್ತು. ಆ ಆವಿ ಗಾಳಿಯ ಜೊತೆ ಅದರ ಎಂಜಿನ್ ಸೇರಿತು, ಎಂಜಿನ್ ರೇಸ್ ಆಯಿತು. ಟ್ರಕ್‌ನಲ್ಲಿದ್ದವರಿಗೆ ಅದನ್ನು ನಿಲ್ಲಿಸಲಾಗದೆ ಬಿಟ್ಟು ಓಡಿದರು. ಮರುಗಳಿಗೆ ಸ್ಫೋಟ. 15 ಜನ ಸತ್ತರು, 180 ಜನ ಗಾಯಗೊಂಡರು. ಬೆಂಕಿ ಹೊತ್ತಿಸಿದ್ದು ಬಹುತೇಕ ಆ ಪಿಕಪ್ಪೇ ಅಂತ ಅಲ್ಲಿಯ ಸರ್ಕಾರಿ ತನಿಖಾ ಮಂಡಳಿ ಹೇಳಿತು. ಐದು ವರ್ಷದ ನಂತರ, 2010ರ ಏಪ್ರಿಲ್ 20ರಂದು, ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ರಿಗ್‌ನಲ್ಲಿ ತೈಲಬಾವಿಯಿಂದ ಗ್ಯಾಸ್ ಚಿಮ್ಮಿದಾಗಲೂ ರಿಗ್‌ನ ಡೀಸೆಲ್ ಜನರೇಟರ್ ಎಂಜಿನ್‌ಗಳು ಗ್ಯಾಸ್ ಎಳೆದುಕೊಂಡು ಕಿರುಚಿದವು. ಅಲ್ಲಿ ಸತ್ತವರು 11 ಜನ.

ಅಮೆರಿಕ ದೂರ ಆಯಿತು ಅನ್ನುವವರು ದೋಣಿಗಲ್‌ನಿಂದ ಅದೇ ಹೆದ್ದಾರಿಯಲ್ಲಿ ಘಾಟಿ ಇಳಿದು, ಉಪ್ಪಿನಂಗಡಿ ದಾಟಿ ಪೆರ್ನೆಗೆ ಹೋಗಿ. 2013ರ ಏಪ್ರಿಲ್ 9ರಂದು ಅಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ, ಗ್ಯಾಸ್ ಸೋರಿ, ಬೆಂಕಿ ಹತ್ತಿಕೊಂಡಿತು. ರಸ್ತೆ ಬದಿಯ ಮನೆಗಳಿಗೆ ಬೆಂಕಿ ಹರಡಿ ಹಲವರು ಜೀವ ಕಳೆದುಕೊಂಡರು. ಅಲ್ಲಿ ಯಾವುದೋ ಎಂಜಿನ್ ರೇಸ್ ಆಯಿತು ಅಂತ ನಾನು ಹೇಳ್ತಿಲ್ಲ. ಟ್ಯಾಂಕರಿನಿಂದ ಗ್ಯಾಸ್ ಸೋರುವುದು ಈ ರಸ್ತೆಯಲ್ಲಿ ಆಗಿಹೋದ ವಿಷಯ ಅಂತ ಹೇಳ್ತಿದ್ದೀನಿ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಮೇಲೆ ಹೋಗಿ ಚದುರುವುದಿಲ್ಲ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಿಯುತ್ತೆ. ಒಂದು ಲೀಟರ್ ದ್ರವ ಸೋರಿದರೆ ಸುಮಾರು 250 ಲೀಟರ್ ಗ್ಯಾಸ್. ಗಾಳಿಯಲ್ಲಿ ಶೇ 2ರಷ್ಟು ಬೆರೆತರೆ ಸಾಕು, ಹೊತ್ತಿಕೊಳ್ಳುತ್ತೆ. ಈಗ ಘಾಟಿಯ ಟ್ರಾಫಿಕ್ ಜಾಮ್ ಕಣ್ಣ ಮುಂದೆ ತಂದುಕೊಳ್ಳಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ, ನಡುವೆ ಬಂಪರ್‌ಗೆ ಬಂಪರ್ ತಾಗಿಕೊಂಡು ನಿಂತ ಡೀಸೆಲ್ ಗಾಡಿಗಳು, ಎಲ್ಲದರ ಎಂಜಿನ್ನೂ ಚಾಲೂ.

ಇಂಥ ಎಂಜಿನ್ ನಿಲ್ಲಿಸಲು ಇರುವ ನೇರ ದಾರಿ ಗಾಳಿಯನ್ನು ಬಂದ್ ಮಾಡುವುದು. ಒಂದು ಕೆ.ಜಿ. ಡೀಸೆಲ್ ಉರಿಯಲು ಸುಮಾರು 14.5 ಕೆ.ಜಿ. ಗಾಳಿ ಬೇಕು. ಆಯಿಲ್ ಎಲ್ಲಿಂದಲೇ ಬರಲಿ, ಗ್ಯಾಸ್ ಎಷ್ಟೇ ಇರಲಿ, ಗಾಳಿಯ ಬಾಯಿ ಕಟ್ಟಿದರೆ ಎಂಜಿನ್ ಕೆಲವೇ ಸೆಕೆಂಡಿನಲ್ಲಿ ಸಾಯುತ್ತೆ. ಇದಕ್ಕೇ ಇರುವ ಸಾಧನ ಎಮರ್ಜೆನ್ಸಿ ಏರ್ ಶಟ್‌ಆಫ್ ವಾಲ್ವ್. ಹೆಸರು ಉದ್ದ, ವಸ್ತು ಸಣ್ಣದು. ಗಾಳಿ ಪೈಪಿನ ನಡುವೆ ಕೂರಿಸಿದ ಒಂದು ತಟ್ಟೆ, ಅದನ್ನು ತೆರೆದು ಹಿಡಿದಿರುವ ಒಂದು ಕೊಂಡಿ, ಕೊಂಡಿ ಬಿಟ್ಟರೆ ಪಟ್ ಅಂತ ಮುಚ್ಚಿಸುವ ಸ್ಪ್ರಿಂಗ್.

ಘಾಟಿ ಡ್ರೈವರ್‌ಗಳಿಗೆ ವಿವರಿಸುವುದಾದರೆ, ‘ಅಣ್ಣಾ, ನಿಮ್ಮ ಎಕ್ಸಾಸ್ಟ್ ಬ್ರೇಕ್ ಇದೆಯಲ್ಲ, ಅದರ ತಮ್ಮ’ ಅಂದರೆ ಸಾಕು. ಇಳಿಜಾರಿನಲ್ಲಿ ಅವರು ಹಾಕುವ ಎಕ್ಸಾಸ್ಟ್ ಬ್ರೇಕ್ ಕೂಡ ಪೈಪಿನೊಳಗಿನ ತಟ್ಟೆಯೇ. ಅದು ಹೊಗೆ ಹೋಗುವ ದಾರಿಯಲ್ಲಿ, ಇದು ಗಾಳಿ ಬರುವ ದಾರಿಯಲ್ಲಿ. ಕೆಲವು ವಾಲ್ವ್ ಹಾಗೆ ತಿರುಗುವ ತಟ್ಟೆಯವು, ಇನ್ನು ಕೆಲವು ಗೇಟಿನ ಹಾಗೆ ಅಡ್ಡ ಬಂದು ಮುಚ್ಚುವವು. ಕ್ಯಾಬಿನ್ನಿನಿಂದ ಕೇಬಲ್ ಎಳೆದು ಮುಚ್ಚುವಂಥದ್ದು ಒಂದು ಬಗೆ. ಎಂಜಿನ್ ವೇಗ ಇಷ್ಟು ದಾಟಿದರೆ ತಾನೇ ಮುಚ್ಚಿಕೊಳ್ಳುವುದು ಇನ್ನೊಂದು. ಹೊಸ ಕಲ್ಪನೆಯೇನಲ್ಲ. ಅಮೆರಿಕದ ಡೆಟ್ರಾಯಿಟ್ ಡೀಸೆಲ್ ಕಂಪನಿಯ ಹಳೇ ಟೂ-ಸ್ಟ್ರೋಕ್ ಎಂಜಿನ್‌ಗಳಲ್ಲಿ ಇಂಥ ಬಾಗಿಲು ಎಂಜಿನ್ ಜೊತೆಗೇ ಬರುತ್ತಿತ್ತು.

ಕೂರಿಸುವ ಜಾಗದಲ್ಲಿ ಒಂದು ಸೂಕ್ಷ್ಮ ಇದೆ. ಟರ್ಬೊಗಿಂತ ಮೊದಲು, ಏರ್ ಫಿಲ್ಟರ್ ಪಕ್ಕ ಹಾಕುವುದು ಸುಲಭ. ಆದರೆ ಅಲ್ಲಿ ಮುಚ್ಚಿದರೆ ಒಳಗೆ ನಿರ್ವಾತ ಹುಟ್ಟಿ, ಸೋರುವ ಸೀಲಿನಿಂದ ಇನ್ನಷ್ಟು ಆಯಿಲ್ ಎಳೆಯುತ್ತೆ, ನಡುವಿನ ರಬ್ಬರ್ ಹೋಸ್ ಹಳೆಯದಾಗಿದ್ದರೆ ಒಳಕ್ಕೆ ಮಡಚಿ ಹರಿದು ಅಲ್ಲಿಂದಲೂ ಗಾಳಿ ಬರುತ್ತೆ. ಟರ್ಬೊ, ಇಂಟರ್‌ಕೂಲರ್ ಎಲ್ಲ ದಾಟಿ, ಎಂಜಿನ್ ಬಾಯಿಗೆ ಆದಷ್ಟು ಹತ್ತಿರ ಇದ್ದಷ್ಟು ಒಳ್ಳೆಯದು. ಮತ್ತೊಂದು, ಒಮ್ಮೆ ಮುಚ್ಚಿದ ವಾಲ್ವನ್ನು ಸಾಮಾನ್ಯವಾಗಿ ಕೈಯಿಂದಲೇ ಮತ್ತೆ ತೆರೆಯಬೇಕು. ಇದನ್ನು ಬೇಕಂತಲೇ ಹಾಗೆ ಮಾಡಿರುವುದು. ಯಾರಾದರೂ ಬಾನೆಟ್ ಎತ್ತಿ, ಯಾಕೆ ಮುಚ್ಚಿತು ಅಂತ ನೋಡಿದ ಮೇಲೇ ಗಾಡಿ ಹೊರಡಬೇಕು.

‘ಇಷ್ಟು ಸಲೀಸಾದ ವಸ್ತು, ಎಲ್ಲ ಲಾರಿಗೂ ಯಾಕೆ ಹಾಕಲ್ಲ?’ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ, ಉತ್ತರ ಅಷ್ಟು ಸಲೀಸಲ್ಲ. ದೋಣಿಗಲ್ ದಾಟಿ ಮಾರನಹಳ್ಳಿ ಕಡೆ ಇಳಿಯುತ್ತಿರುವ ಲೋಡ್ ಲಾರಿಯನ್ನೇ ತೆಗೆದುಕೊಳ್ಳಿ. ಡ್ರೈವರ್ ತಪ್ಪಿ ಕಡಿಮೆ ಗೇರಿಗೆ ಹಾಕಿದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸಿ ವೇಗ ಮಿತಿ ದಾಟಿಸುತ್ತವೆ. ಇದು ಕಳ್ಳ ಇಂಧನದ ರೇಸ್ ಅಲ್ಲ, ಗಾಳಿ ಮುಚ್ಚಿದರೂ ಚಕ್ರ ತಿರುಗಿಸುವುದು ನಿಲ್ಲುವುದಿಲ್ಲ. ಆದರೆ ಆಟೊಮ್ಯಾಟಿಕ್ ವಾಲ್ವ್‌ಗೆ ಆ ವ್ಯತ್ಯಾಸ ಗೊತ್ತಾಗದೆ ಮುಚ್ಚಿಕೊಂಡರೆ? ಡ್ರೈವರ್ ಗಾಬರಿಯಲ್ಲಿ ಕ್ಲಚ್ ಒತ್ತಿದ ಕ್ಷಣ ಎಂಜಿನ್ ಸತ್ತಿರುತ್ತೆ. ಪವರ್ ಸ್ಟೀರಿಂಗ್ ಕಲ್ಲಾಗುತ್ತೆ, ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತೆ, ಟ್ಯಾಂಕಿನಲ್ಲಿ ಉಳಿದ ಗಾಳಿಯಲ್ಲೇ ಲಾರಿ ನಿಲ್ಲಿಸಬೇಕು. ಹೇರ್‌ಪಿನ್ ತಿರುವಿನಲ್ಲಿ ಯಾರಿಗೂ ಬೇಡ ಆ ಪಾಡು.

ಹಾಗಾಗಿ ಈ ಘಾಟಿಯ ಮಟ್ಟಿಗೆ ನನ್ನ ಅಭಿಪ್ರಾಯ ಹೀಗೆ. ರಸ್ತೆ ಮೇಲೆ ಓಡುವ ಟ್ಯಾಂಕರ್‌ಗೆ ಡ್ರೈವರ್ ಕೈಗೆ ಸಿಗುವ ಕೇಬಲ್ ಎಳೆಯುವ ವಾಲ್ವ್ ಸರಿ. ತುಂಬುವ, ಇಳಿಸುವ ಟರ್ಮಿನಲ್ ಒಳಗೆ ನಿಂತು ಕೆಲಸ ಮಾಡುವ ಪಂಪು, ಜನರೇಟರ್, ಕ್ರೇನ್‌ಗಳಿಗೆ ತಾನೇ ಮುಚ್ಚಿಕೊಳ್ಳುವುದು ಬೇಕು. ಟೆಕ್ಸಾಸ್‌ನಲ್ಲಿ ಆದ ಹಾಗೆ, ಗ್ಯಾಸ್ ಸುತ್ತುವರಿದಾಗ ಮನುಷ್ಯ ಓಡುವುದೇ ಸರಿ, ಕೇಬಲ್ ಎಳೆಯಲು ಹಿಂದೆ ಉಳಿಯಬಾರದು.

ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಅಪಾಯಕಾರಿ ಸರಕು ಸಾಗಿಸುವ ಲಾರಿಗೆ ಸ್ಪಾರ್ಕ್ ಅರೆಸ್ಟರ್ ಕಡ್ಡಾಯ. ಸೈಲೆನ್ಸರ್‌ನಿಂದ ಕಿಡಿ ಹಾರದಂತೆ ತಡೆಯುವ ಸಾಧನ ಅದು. ಒಳ್ಳೆಯದೇ. ಆದರೆ ಅದು ಕಾಯುವುದು ಹಿಂಬಾಗಿಲನ್ನು. ರೇಸ್ ಆಗುವ ಎಂಜಿನ್‌ಗೆ ಕಳ್ಳ ಬರುವುದು ಮುಂಬಾಗಿಲಿಂದ. ಸ್ಪಾರ್ಕ್ ಅರೆಸ್ಟರ್ ಹಾಕಿದ್ದೀವಿ, ಇನ್ನೇನು ಅಂತ ಸಮಾಧಾನ ಪಡುವ ಸಾಗಣೆ ಕಂಪನಿಗಳವರಿಗೆ ಇಷ್ಟನ್ನಾದರೂ ನೆನಪಿಸಬೇಕು.

ಇನ್ನು ನಿಮ್ಮ ಪಾಲಿನದ್ದು. ನೀವು ಲಾರಿ ಓಡಿಸಲ್ಲ, ಗೊತ್ತು. ಆದರೆ ಹಳೇ ಡೀಸೆಲ್ ಕಾರು ಓಡಿಸುವವರು ಇದ್ದೀರಿ. ಕಾರು ರೇಸ್ ಆಗಿ ಕೀಗೆ ಬಗ್ಗದಿದ್ದರೆ, ಮ್ಯಾನ್ಯುಯಲ್ ಗೇರ್ ಆಗಿದ್ದರೆ, ಮುಂದೆ ಯಾರೂ ಇಲ್ಲ ಅಂತ ನೋಡಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕ್ ಬಲವಾಗಿ ಒತ್ತಿ, ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಡಿ. ಬೇಗ ಮಾಡಿದರೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತೆ. ವೇಗ ವಿಪರೀತ ಏರಿದ ಮೇಲಾದರೆ ಕ್ಲಚ್ಚೇ ಸುಟ್ಟುಹೋಗಬಹುದು. ಆಟೊಮ್ಯಾಟಿಕ್ ಕಾರಲ್ಲಿ ಈ ಉಪಾಯ ಇಲ್ಲ. ಇಳಿದು ದೂರ ಹೋಗಿ, ಬೇರೆಯವರನ್ನೂ ದೂರ ಕಳಿಸಿ. ಕಾರು ಹೋದರೆ ಹೋಗಲಿ.

ಗಾಳಿ ಬಾಯಿಗೆ ಕೈ ಅಡ್ಡ ಹಿಡಿಯುವ ಸಾಹಸ ಮಾತ್ರ ಬೇಡವೇ ಬೇಡ. 10 ಸೆಂ.ಮೀ. ಅಗಲದ ಪೈಪಿನಲ್ಲಿ ಅರ್ಧ ನಿರ್ವಾತವಾದರೂ ಅಂಗೈ ಮೇಲೆ ಸುಮಾರು 40 ಕೆ.ಜಿ. ಎಳೆತ. ಬಟ್ಟೆ, ಗೋಣಿಚೀಲ ತುರುಕಿದರೆ ಒಳಗೆ ಎಳೆದುಕೊಂಡು ಹೋಗುತ್ತೆ. ವಿಡಿಯೊದ ಮನುಷ್ಯ ಹೆಣಗುತ್ತಿದ್ದದ್ದು ಇದಕ್ಕೇ. ತೋಟದ ಪಂಪ್‌ಸೆಟ್ ಪಕ್ಕ ಗಾಳಿ ಬಾಯಿಗಿಂತ ದೊಡ್ಡದಾದ, ದಪ್ಪನೆಯ ಮರದ ಹಲಗೆ ಒಂದನ್ನು ಇಟ್ಟುಕೊಂಡಿರುವುದು ವಾಸಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇದ್ದರೆ ಅದನ್ನು ಗಾಳಿ ಬಾಯಿಗೆ ಬಿಟ್ಟರೂ ಎಂಜಿನ್ ನಿಲ್ಲುತ್ತೆ.

ರಸ್ತೆಯಲ್ಲಿ ಮುಂದೆ ಟ್ಯಾಂಕರ್ ಮಗುಚಿದೆ, ಗ್ಯಾಸ್ ವಾಸನೆ ಬರ್ತಿದೆ ಅಂತಾದರೆ ಎಸಿ ಬೇಕು ಅಂತ ಎಂಜಿನ್ ಚಾಲೂ ಇಟ್ಟು ಕೂರಬೇಡಿ. ಆಫ್ ಮಾಡಿ, ಇಳಿದು, ಗಾಳಿ ಬೀಸಿ ಬರುವ ದಿಕ್ಕಿಗೆ, ಎತ್ತರದ ಕಡೆಗೆ ನಡೆಯಿರಿ. ತಗ್ಗಿಗೆ, ಚರಂಡಿ ಪಕ್ಕಕ್ಕೆ ಹೋಗಬೇಡಿ. ದೂರ ಹೋದ ಮೇಲೆ 112ಕ್ಕೆ ಫೋನ್ ಮಾಡಿ. ‘ಒಂಚೂರು ಗಾಡಿ ಹಿಂದೆ ತಗೊಳ್ತೀನಿ’ ಅಂತ ಮತ್ತೆ ಸ್ಟಾರ್ಟ್ ಮಾಡುವುದು ಎಲ್ಲಕ್ಕಿಂತ ಅಪಾಯ. ಪೆಟ್ರೋಲ್ ಗಾಡಿಗೂ ಇದೇ ಮಾತು, ಸ್ಟಾರ್ಟರ್ ಮೋಟಾರಿನ ಕಿಡಿಯೇ ಸಾಕು.

ಕೊನೆಗೆ, ನಿಮ್ಮ ಅಪಾರ್ಟ್‌ಮೆಂಟ್ ಅಥವಾ ಆಫೀಸಿನ ಬೇಸ್‌ಮೆಂಟಿನಲ್ಲೂ ಒಂದು ದೊಡ್ಡ ಡೀಸೆಲ್ ಜನರೇಟರ್ ಇದ್ದೇ ಇರುತ್ತೆ. ನೋಡಿಕೊಳ್ಳುವವರನ್ನು ಒಮ್ಮೆ ಕೇಳಿ, ‘ಇದಕ್ಕೆ ಏರ್ ಶಟ್‌ಆಫ್ ಇದೆಯಾ ಸಾರ್?’ ಅಂತ. ಇದ್ದರೆ ಮುಂದಿನ ಪ್ರಶ್ನೆ, ಕೊನೇ ಸಲ ಅದನ್ನು ಮುಚ್ಚಿ ನೋಡಿದ್ದು ಯಾವಾಗ? ಆಯಿಲ್ ಜಿಡ್ಡು, ದೂಳು ಸೇರಿ ತಟ್ಟೆ ಅಂಟಿಕೊಂಡು ಕೂತಿರುವುದು ಉಂಟು. ಪರೀಕ್ಷೆ ಕಷ್ಟವಲ್ಲ. ಲೋಡ್ ಇಲ್ಲದೆ ಎಂಜಿನ್ ಐಡಲ್‌ನಲ್ಲಿ ಓಡುವಾಗ ವಾಲ್ವ್ ಮುಚ್ಚಬೇಕು, ಕೆಲವು ಸೆಕೆಂಡಿನಲ್ಲಿ ಎಂಜಿನ್ ನಿಲ್ಲಬೇಕು. ಕುಂಟುತ್ತಾ ಓಡುತ್ತಲೇ ಇದ್ದರೆ ಎಲ್ಲೋ ಹೋಸ್ ಹರಿದಿದೆ ಅಥವಾ ತಟ್ಟೆ ಪೂರ್ತಿ ಕೂತಿಲ್ಲ. ವಾಲ್ವ್ ಮತ್ತೆ ತೆರೆದಿಟ್ಟದ್ದನ್ನು, ಪರೀಕ್ಷೆಯ ತಾರೀಖನ್ನು ಜನರೇಟರ್ ಲಾಗ್‌ಬುಕ್‌ನಲ್ಲಿ ಬರೆಸಿ.